ರೈಲು ದರೋಡೆಗಾರನ ಗೆಳೆಯ

ಓ. ಹೆನ್ರಿ ಎಂಬ ಹೆಸರು ನಿಮ್ಮಲ್ಲಿ ಅನೇಕರಿಗೆ ಗೊತ್ತಿರುತ್ತದೆ. ಹೆಂಡತಿ ಕೂದಲು ಮಾರಿ ಗಂಡನ ಗಡಿಯಾರಕ್ಕೆ ಸರಪಳಿ ತರುತ್ತಾಳೆ, ಗಂಡ ಗಡಿಯಾರ ಮಾರಿ ಅವಳ ಕೂದಲಿಗೆ ಬಾಚಣಿಗೆ ತರುತ್ತಾನೆ. ಆ ಕಥೆಯನ್ನು ಇಂಗ್ಲಿಷ್ ಪಾಠದಲ್ಲಿ ಓದಿದವರು ನಮ್ಮ ಮನೆಗಳಲ್ಲೇ ಇದ್ದಾರೆ. ಅದನ್ನು ಬರೆದವನು ಮೂರು ವರ್ಷಕ್ಕೂ ಹೆಚ್ಚು ಕಾಲ ಜೈಲಿನಲ್ಲಿದ್ದ ಎಂಬುದನ್ನು ಮಾತ್ರ ಪಾಠದಲ್ಲಿ ಸಾಮಾನ್ಯವಾಗಿ ಹೇಳುವುದಿಲ್ಲ. ಅಲ್ಲಿ ಅವನಿಗೆ ಆಪ್ತನಾಗಿದ್ದವನು ರೈಲು ದರೋಡೆ ಮಾಡಿ ಸಿಕ್ಕಿಬಿದ್ದ ಒಬ್ಬ ವಕೀಲ. ಈ ಹೊತ್ತು ಅವರಿಬ್ಬರ ವಿಚಾರ.

ಓ. ಹೆನ್ರಿಯ ನಿಜವಾದ ಹೆಸರು ವಿಲಿಯಂ ಸಿಡ್ನಿ ಪೋರ್ಟರ್. 1862ರಲ್ಲಿ ಅಮೆರಿಕದ ನಾರ್ತ್ ಕೆರೊಲಿನಾದಲ್ಲಿ ಹುಟ್ಟಿ, ಇಪ್ಪತ್ತರ ಆಸುಪಾಸಿನಲ್ಲಿ ಟೆಕ್ಸಸ್‌ಗೆ ಬಂದ. ಆಸ್ಟಿನ್ ನಗರದ ಬ್ಯಾಂಕೊಂದರಲ್ಲಿ ಹಣ ಎಣಿಸಿ ಕೊಡುವ ಕೆಲಸ. ಜೊತೆಗೆ ಸ್ವಂತದ್ದೊಂದು ನಗೆ ವಾರಪತ್ರಿಕೆ. ಪತ್ರಿಕೆ ನಡೆಸಿದವರಿಗೆ ಗೊತ್ತು, ಅದು ಸಂಸಾರ ಸಾಕುವ ಬಾಬತ್ತಲ್ಲ. ಒಂದು ವರ್ಷದಲ್ಲಿ ಅದು ಮುಚ್ಚಿತು. ಅಷ್ಟರಲ್ಲಿ ಬ್ಯಾಂಕಿನ ಲೆಕ್ಕದಲ್ಲಿ ಹಣ ಕಡಿಮೆ ಬಿತ್ತು, ಆರೋಪ ಇವನ ಮೇಲೆ ಬಂತು. 1896ರಲ್ಲಿ ವಿಚಾರಣೆಗೆ ಹಾಜರಾಗಬೇಕಾದವನು ದಾರಿಯಲ್ಲಿ ರೈಲು ಬದಲಾಯಿಸಿ ನ್ಯೂ ಆರ್ಲಿಯನ್ಸ್‌ಗೆ ಹೋದ, ಅಲ್ಲಿಂದ ಹಡಗಿನಲ್ಲಿ ಹೊಂಡುರಾಸ್ ಸೇರಿದ. ಅಪರಾಧಿಗಳನ್ನು ಹಿಡಿದು ಒಪ್ಪಿಸುವ ಒಪ್ಪಂದ ಆ ದೇಶಕ್ಕೂ ಅಮೆರಿಕಕ್ಕೂ ಆಗ ಇರಲಿಲ್ಲ. ಹದ್ದಿನ ಕಲ್ಲಿನ ಆಚೆಗೊಂದು ಕಾನೂನು, ಈಚೆಗೊಂದು ಕಾನೂನು ಎಂಬುದನ್ನು ಗಡಿಯೂರಿನ ನಮಗೆ ಬಿಡಿಸಿ ಹೇಳಬೇಕಾಗಿಲ್ಲ.

ಹೆಂಡತಿಗೆ ಕ್ಷಯ ಉಲ್ಬಣಿಸಿದ ಸುದ್ದಿ ಬಂತು. 1897ರ ಆರಂಭದಲ್ಲಿ ತಾನಾಗಿಯೇ ಹಿಂತಿರುಗಿದ. ಜುಲೈ ತಿಂಗಳಲ್ಲಿ ಆಕೆ ತೀರಿಕೊಂಡಳು. ಮರುವರ್ಷ ಐದು ವರ್ಷದ ಶಿಕ್ಷೆಯಾಗಿ ಒಹಾಯೋ ರಾಜ್ಯದ ಕೊಲಂಬಸ್ ಜೈಲಿಗೆ ಹೋದ. ಎಂಟು ವರ್ಷದ ಮಗಳು ಮಾರ್ಗರೆಟ್ ಅಜ್ಜ ಅಜ್ಜಿಯರ ಬಳಿ ಉಳಿದಳು. ಅಪ್ಪ ಕೆಲಸದ ಮೇಲೆ ದೂರ ಹೋಗಿದ್ದಾರೆ ಎಂದಷ್ಟೇ ಅವಳಿಗೆ ಹೇಳಿದ್ದರು.

ಇನ್ನೊಬ್ಬನ ಹೆಸರು ಆಲ್ ಜೆನಿಂಗ್ಸ್. ಒಕ್ಲಹೋಮ ಸೀಮೆಯವನು. ಸಣ್ಣ ಆಳು, ದೊಡ್ಡ ಬಾಯಿ. ಎಲ್ ರಿನೊ ಎಂಬಲ್ಲಿ ಕೆಲಕಾಲ ಸರ್ಕಾರಿ ವಕೀಲನೂ ಆಗಿದ್ದ. 1895ರಲ್ಲಿ ಅವನ ಸಹೋದರನನ್ನು ಎದುರು ಪಕ್ಷದ ವಕೀಲನೊಬ್ಬ ಗುಂಡಿಟ್ಟು ಕೊಂದ, ಕೋರ್ಟಿನಲ್ಲಿ ಬಿಡುಗಡೆಯಾಯಿತು. ಆಮೇಲೆ ಜೆನಿಂಗ್ಸ್ ಕಾನೂನಿನ ಆಚೆ ಬದಿಗೆ ನಡೆದ. 1897ರಲ್ಲಿ ಗುಂಪು ಕಟ್ಟಿಕೊಂಡು ರೈಲು ತಡೆದ. ಅದರಲ್ಲೂ ಕೈಗುಣವಿರಲಿಲ್ಲ. ಅಕ್ಟೋಬರ್‌ನಲ್ಲಿ ಒಂದು ರೈಲಿನ ತಿಜೋರಿಗೆ ಸಿಡಿಮದ್ದು ಇಟ್ಟರೆ ತಿಜೋರಿ ಬಾಯಿಯೇ ಬಿಡಲಿಲ್ಲ, ಪ್ರಯಾಣಿಕರ ಜೇಬು ತಡಕಿ ಹೋದರು. ಡಿಸೆಂಬರ್‌ನಲ್ಲಿ ಸಿಕ್ಕಿಬಿದ್ದ. ಜೀವಾವಧಿ ಶಿಕ್ಷೆಯಾಗಿ ಅದೇ ಕೊಲಂಬಸ್ ಜೈಲಿಗೆ ಬಂದ.

ತಮ್ಮಿಬ್ಬರ ಮೊದಲ ಭೇಟಿ ಹೊಂಡುರಾಸ್‌ನಲ್ಲಾಯಿತು, ದರೋಡೆಯ ದೊಡ್ಡ ಗಂಟು ಆಗ ತನ್ನ ಬಳಿ ಇತ್ತು ಎಂದು ಜೆನಿಂಗ್ಸ್ 1921ರ ತನ್ನ ಪುಸ್ತಕದಲ್ಲಿ ಬರೆದಿದ್ದಾನೆ. ಆದರೆ ತಾರೀಖು ಇಟ್ಟು ನೋಡಿ. ದಾಖಲೆಯಲ್ಲಿರುವ ಅವನ ರೈಲು ದರೋಡೆಗಳು ಶುರುವಾದದ್ದು 1897ರ ಆಗಸ್ಟ್‌ನಲ್ಲಿ. ಅಷ್ಟರೊಳಗೆ ಪೋರ್ಟರ್ ಮನೆಗೆ ಮರಳಿ ಹೆಂಡತಿಯನ್ನು ಮಣ್ಣು ಮಾಡಿದ್ದ. ಜೆನಿಂಗ್ಸ್‌ನ ಮಾತಿಗೆ ಎಲ್ಲೆಲ್ಲಿಯೂ ಒಂದು ಹಿಡಿ ಉಪ್ಪು ಹೆಚ್ಚೇ ಎಂದು ತಿಳಿದು ಮುಂದಿನದನ್ನು ಕೇಳಿ.

ಜೈಲಿನ ಗೆಳೆತನವಂತೂ ಸುಳ್ಳಲ್ಲ. ಹುಡುಗನಾಗಿದ್ದಾಗ ಚಿಕ್ಕಪ್ಪನ ಔಷಧಿ ಅಂಗಡಿಯಲ್ಲಿ ಕಲಿತ ವಿದ್ಯೆ ಪೋರ್ಟರ್‌ನನ್ನು ಕಾಪಾಡಿತ್ತು. ಜೈಲಿನ ಆಸ್ಪತ್ರೆಯಲ್ಲಿ ರಾತ್ರಿ ಪಾಳಿಯ ಔಷಧಿ ಕೆಲಸ. ಕೈದಿಗಳಿಗೆ ಗುಳಿಗೆ ಹಂಚುತ್ತಾ ಬರುವ ಆ ಮಿತಭಾಷಿಗೆ ಈ ಬಾಯಾಳಿ ಅಂಟಿಕೊಂಡ. ರಾತ್ರಿ ಕೆಲಸ ಮುಗಿದ ಮೇಲೆ ಪೋರ್ಟರ್ ಬರೆಯುತ್ತಿದ್ದ. 1899ರ ಡಿಸೆಂಬರ್‌ನಲ್ಲಿ ಒಂದು ಕಥೆ ಹೆಸರಾಂತ ಮಾಸಪತ್ರಿಕೆಯಲ್ಲಿ ಬಂತು. ಬರೆದವನು ಎಲ್ಲಿದ್ದಾನೆಂದು ಓದುಗರಿಗೆ ಗೊತ್ತಿರಲಿಲ್ಲ.

ಜೆನಿಂಗ್ಸ್ ಹೇಳುವ ಒಂದು ಸಂಗತಿ ನನ್ನನ್ನು ಬಿಡುವುದಿಲ್ಲ. ಬೀಗ ಒಡೆಯುವುದರಲ್ಲಿ ನಿಪುಣನಾದ ರೋಗಿಷ್ಠ ಕೈದಿಯೊಬ್ಬ ಅಲ್ಲಿದ್ದನಂತೆ. ಒಂದು ಕಂಪೆನಿಯ ತಿಜೋರಿ ತೆರೆಯದೆ ಹೋದಾಗ ಅಧಿಕಾರಿಗಳು ಅವನನ್ನು ಕರೆದರು, ತೆರೆದರೆ ಕ್ಷಮಾದಾನ ಎಂದರು. ಅವನು ಬೆರಳ ತುದಿ ಸೂಕ್ಷ್ಮವಾಗಲೆಂದು ಉಗುರನ್ನು ನೆತ್ತರು ಒಸರುವವರೆಗೆ ಉಜ್ಜಿ, ಒಳಗಿನ ಚಲನೆಯನ್ನು ಬೆರಳಿನಿಂದಲೇ ಕೇಳಿ ತಿಜೋರಿ ತೆರೆದ. ಕ್ಷಮೆ ಬರಲಿಲ್ಲ. ಜೈಲಿನಲ್ಲೇ ಸತ್ತ. ಈಗ ಓ. ಹೆನ್ರಿಯ ಜಿಮ್ಮಿ ವ್ಯಾಲಂಟೈನ್ ಕಥೆ ನೆನೆಯಿರಿ. ಒಳ್ಳೆಯವನಾಗಿ ಬಾಳಲು ಹೊರಟ ಹಳೆಯ ಕಳ್ಳ, ತಿಜೋರಿಯಲ್ಲಿ ಸಿಕ್ಕಿಕೊಂಡ ಮಗುವನ್ನು ಉಳಿಸಲು ತನ್ನ ಗುಟ್ಟು ಬಯಲಾದರೂ ಆಗಲಿ ಎಂದು ಬೀಗ ಒಡೆಯುತ್ತಾನೆ. ಹಿಡಿಯಲು ಬಂದ ಪತ್ತೇದಾರ ಗುರುತೇ ಇಲ್ಲದವನಂತೆ ಹೊರಟುಹೋಗುತ್ತಾನೆ. ಜೆನಿಂಗ್ಸ್ ಹೇಳಿದ್ದು ನಿಜವಾದರೆ, ಜೈಲು ಕೊಡದ ಕ್ಷಮೆಯನ್ನು ಪೋರ್ಟರ್ ಕಥೆಯಲ್ಲಿ ಕೊಟ್ಟ.

1901ರ ಜುಲೈನಲ್ಲಿ ಪೋರ್ಟರ್ ಹೊರಬಂದ. ಪಿಟ್ಸ್‌ಬರ್ಗ್‌ನಲ್ಲಿ ಮಗಳ ಬಳಿ ಇದ್ದು ಬರೆಯುತ್ತಿದ್ದಾಗ ಒಳಗಿದ್ದ ಗೆಳೆಯನಿಗೆ ಒಂದು ಕಾಗದ ಹಾಕಿದ. ಅದು ಅಚ್ಚಾಗಿ ಉಳಿದಿದೆ. ರೈಲು ದರೋಡೆ ಹೇಗೆ ಮಾಡುತ್ತಾರೆಂದು ನೀನೇ ಬರೆ ಎಂದು ಹೇಳಿಕೊಟ್ಟಿದ್ದಾನೆ. ತತ್ತ್ವ ಹೇಳದೆ ನೇರವಾಗಿ ಶುರು ಮಾಡು. ಎಷ್ಟು ಜನ ಬೇಕು, ಯಾರು ಎಲ್ಲಿ ನಿಲ್ಲಬೇಕು, ಆಗ ಹೆದರಿಕೆಯೋ ತಮಾಷೆಯೋ ಅದನ್ನು ಬರೆ. ಆದಷ್ಟು ನಡೆದದ್ದನ್ನೇ ಬರೆ. ಬರೆಯಲು ಕಲಿಯಬೇಕೆಂದು ಕೇಳುವ ನಮ್ಮ ಹುಡುಗರಿಗೆ ನಾನು ಇದಕ್ಕಿಂತ ಒಳ್ಳೆಯದೇನೂ ಹೇಳಲಾರೆ. ಆ ಸರಕನ್ನು ಪೋರ್ಟರ್ ತಿದ್ದಿ ಬರೆದ, 1904ರಲ್ಲಿ ಲೇಖನ ಪ್ರಕಟವಾಯಿತು. ತನ್ನ ಹೊಟ್ಟೆಪಾಡೇ ಕಷ್ಟವಿದ್ದಾಗ ಇನ್ನೊಬ್ಬನಿಗೆ ದಾರಿ ಮಾಡಿಕೊಟ್ಟದ್ದು ಇದು.

ಜೆನಿಂಗ್ಸ್‌ನ ಶಿಕ್ಷೆಯನ್ನು ರಾಷ್ಟ್ರಾಧ್ಯಕ್ಷ ಮೆಕಿನ್ಲಿ ಕಡಿಮೆ ಮಾಡಿದ್ದರು. 1902ರಲ್ಲಿ ಅವನೂ ಹೊರಬಂದ. ಇಲ್ಲಿಂದ ಇಬ್ಬರ ದಾರಿ ಎರಡಾಯಿತು. ಪೋರ್ಟರ್ ನ್ಯೂಯಾರ್ಕಿನಲ್ಲಿ ಹೆಸರು ಮಾಡಿದರೂ ಆ ಮೂರು ವರ್ಷಗಳನ್ನು ಹೂತಿಟ್ಟು ಬದುಕಿದ. ಜೆನಿಂಗ್ಸ್‌ಗೆ ತನ್ನ ಹಿಂದಿನ ಬಾಳೇ ಬಂಡವಾಳ. ಸಿನಿಮಾದಲ್ಲಿ ಕಾಣಿಸಿಕೊಂಡ. 1914ರಲ್ಲಿ ಒಕ್ಲಹೋಮದ ಗವರ್ನರ್ ಆಗಲು ಹೊರಟು, ಪಕ್ಷದೊಳಗಿನ ಆಯ್ಕೆಯಲ್ಲಿ ಮೂರನೆಯವನಾಗಿ ಸೋತ. ತಾನು ರೈಲು ದೋಚಿದವನೆಂದು ಮತದಾರರಿಂದ ಮುಚ್ಚಿಡಲಿಲ್ಲ. 1945ರಲ್ಲಿ ರೇಡಿಯೋ ಮೇಲೂ ಹೋದ. ಲೋನ್ ರೇಂಜರ್ ಎಂಬ ರೇಡಿಯೋ ನಾಟಕ ತನ್ನ ಮಾನ ಕಳೆಯಿತೆಂದು ದಾವೆ ಹೂಡಿದ. ಗುಂಡು ಹೊಡೆದು ತನ್ನ ಕೈಯ ಪಿಸ್ತೂಲು ಬೀಳಿಸಿದಂತೆ ತೋರಿಸಿದರಲ್ಲ ಎಂಬುದು ಅವನ ಸಿಟ್ಟು. ದಾವೆ ಬಿದ್ದುಹೋಯಿತು.

ಓ. ಹೆನ್ರಿ 1910ರ ಜೂನ್‌ನಲ್ಲಿ, 47ನೆಯ ವಯಸ್ಸಿನಲ್ಲಿ ತೀರಿಕೊಂಡ. ಜೈಲಿನ ಸಂಗತಿ ಲೋಕಕ್ಕೆಲ್ಲ ಗೊತ್ತಾದದ್ದು 1916ರಲ್ಲಿ, ಅವನ ಬಾಲ್ಯದ ಗೆಳೆಯ ಆಲ್ಫಾನ್ಸೊ ಸ್ಮಿತ್ ಬರೆದ ಜೀವನ ಚರಿತ್ರೆಯಿಂದ. ತೊಂಬತ್ತೆಂಟು ವರ್ಷ ಬದುಕಿ 1961ರಲ್ಲಿ ಸತ್ತ ಜೆನಿಂಗ್ಸ್, ತನ್ನದೆಂದು ಯಾವುದನ್ನೂ ಬಾಯೊಳಗೆ ಇಟ್ಟುಕೊಂಡವನಲ್ಲ. ತಮ್ಮಿಬ್ಬರ ಜೈಲುವಾಸದ ಪುಸ್ತಕವನ್ನು ಅವನು ಹೊರತಂದದ್ದು ಸ್ಮಿತ್ ಬರೆದ ಐದು ವರ್ಷದ ಮೇಲೆ.