ಹಾಲಿನೊಳಗೆ ಹನಿಗಳ ಓಟ

ಕುಷ್ಟಗಿ, ಯಲಬುರ್ಗಾ ಕಡೆಯ ಹಳ್ಳಿಗಳಲ್ಲಿ ಡೇರಿಗೆ ಹಾಲು ಹಾಕಿ ಬಂದವರನ್ನು ಮನೆಯವರು ಕೇಳುವುದು ಒಂದೇ: "ಫ್ಯಾಟ್ ಎಷ್ಟು ಬಂತು?" ಫ್ಯಾಟ್ ಎಂದರೆ ಹಾಲಿನ ಜಿಡ್ಡು. ಅದು ಹೆಚ್ಚಿದ್ದರೆ ರೊಕ್ಕವೂ ಹೆಚ್ಚು. ಕೊಪ್ಪಳ ಜಿಲ್ಲೆಯ ಡೇರಿಗಳ ಹಾಲು ಮುಂದೆ ರಾಬಕೊವಿ ಹಾಲು ಒಕ್ಕೂಟಕ್ಕೆ ಹೋಗುತ್ತದೆ.

ಮಕ್ಕಳೇ, ಈ ಜಿಡ್ಡು ಹಾಲಿನಲ್ಲಿ ಕರಗಿರುವುದಿಲ್ಲ. ಸಣ್ಣ ಸಣ್ಣ ಹನಿಗಳಾಗಿ ಹರಡಿಕೊಂಡಿರುತ್ತದೆ. ಒಂದು ಮಿಲಿಮೀಟರನ್ನು 1000 ಪಾಲು ಮಾಡಿದರೆ ಒಂದು ಪಾಲು 1 ಮೈಕ್ರೋಮೀಟರ್. ಆಕಳ ಹಾಲಿನ ಹನಿಯ ಅಗಲ ಸರಾಸರಿ 3ರಿಂದ 4 ಮೈಕ್ರೋಮೀಟರ್. ಎಮ್ಮೆ ಹಾಲಿನದು ಸ್ವಲ್ಪ ದೊಡ್ಡದು. ಒಂದು ತಲೆಗೂದಲಿನ ದಪ್ಪದಲ್ಲಿ ಇಂಥ ಹದಿನೈದು-ಇಪ್ಪತ್ತು ಹನಿಗಳನ್ನು ಸಾಲಾಗಿ ನಿಲ್ಲಿಸಬಹುದು.

ಜಿಡ್ಡು ನೀರಿಗಿಂತ ಹಗುರ. ಹಾಗಾಗಿ ಹನಿಗಳು ಮೇಲೇರುತ್ತವೆ. ಅವು ಒಟ್ಟುಗೂಡಿದರೆ ಕೆನೆ. ಆದರೆ ಎಲ್ಲ ಹನಿಗಳ ವೇಗ ಒಂದೇ ಅಲ್ಲ. ಹನಿಯ ಅಗಲ 2 ಪಟ್ಟಾದರೆ ಅದನ್ನು ಮೇಲೆತ್ತುವ ಬಲ 8 ಪಟ್ಟಾಗುತ್ತದೆ. ಅದೇ ವೇಗಕ್ಕೆ ಹಾಲು ಒಡ್ಡುವ ತಡೆ ಮಾತ್ರ 2 ಪಟ್ಟು. 8ನ್ನು 2ರಿಂದ ಭಾಗಿಸಿ: ವೇಗ 4 ಪಟ್ಟು! ಅಗಲ 3 ಪಟ್ಟಾದರೆ ವೇಗ 9 ಪಟ್ಟು. ಈ ತಡೆಯ ಲೆಕ್ಕ ಕೊಟ್ಟವರು ವಿಜ್ಞಾನಿ ಜಾರ್ಜ್ ಸ್ಟೋಕ್ಸ್, 1851ರಲ್ಲಿ.

ಕೆನೆ ಕಟ್ಟುವವರೆಗೆ ಕಾಯಲು ಪುರುಸೊತ್ತಿಲ್ಲದಿದ್ದರೆ? 1878ರಲ್ಲಿ ಸ್ವೀಡನ್ನಿನ ಗುಸ್ತಾಫ್ ಡಿ ಲಾವಾಲ್ ಹಾಲನ್ನು ಗರಗರ ತಿರುಗಿಸುವ ಯಂತ್ರ ಮಾಡಿದರು. ಭಾರದ ಹಾಲು ಹೊರಗಡೆಗೆ ಸರಿಯುತ್ತದೆ, ಹಗುರಾದ ಕೆನೆ ನಡುವೆ ಉಳಿಯುತ್ತದೆ.

ಕೆನೆಯೇ ಕಟ್ಟಬಾರದು ಎಂದರೆ? ಹಾಲನ್ನು ಬಹಳ ಒತ್ತಡದಿಂದ ಕಿರಿದಾದ ಸಂದಿಯಲ್ಲಿ ನುಗ್ಗಿಸುತ್ತಾರೆ. ಹನಿಗಳು ಒಡೆದು, ಬಹುಪಾಲು 1 ಮೈಕ್ರೋಮೀಟರಿಗಿಂತ ಚಿಕ್ಕವಾಗುತ್ತವೆ. ಫ್ರಾನ್ಸಿನ ಆಗಸ್ಟ್ ಗೋಲನ್ 1899ರಲ್ಲಿ ಹೀಗೆ ಹನಿ ಒಡೆಯುವ ಯಂತ್ರಕ್ಕೆ ಪೇಟೆಂಟ್ ಪಡೆದರು.

ನೀವೇ ನೋಡಿ: ಒಂದು ಗಾಜಿನ ಲೋಟಕ್ಕೆ ಹಸಿ ಹಾಲು, ಇನ್ನೊಂದಕ್ಕೆ "ಹೋಮೋಜನೈಸ್ಡ್" (ಅಂದರೆ ಹೀಗೆ ಹನಿ ಒಡೆದದ್ದು) ಎಂದು ಬರೆದ ಪ್ಯಾಕೆಟ್ ಹಾಲು ಹಾಕಿ, ರಾತ್ರಿಯಿಡೀ ಫ್ರಿಜ್ಜಿನಲ್ಲಿಡಿ. ಕೆನೆಯ ಗೆರೆ ಯಾವುದರಲ್ಲಿದೆ? ಹಸಿ ಹಾಲನ್ನು ಕಾಯಿಸದೆ ಮಾತ್ರ ಕುಡಿಯಬೇಡಿ.

ಕೊರೊನಾ ಕಾಲದ ಕೆಲವು ಲಸಿಕೆಗಳಲ್ಲೂ ಜಿಡ್ಡಿನ ಕಣಗಳಿದ್ದವು. ಅಗಲ ಸುಮಾರು 0.1 ಮೈಕ್ರೋಮೀಟರ್! ಇಂಥವನ್ನು ಅಳೆಯಲು ಲೇಸರ್ ಬೆಳಕು ಬಿಡುತ್ತಾರೆ. ಕಣ ಸಣ್ಣದಾದಷ್ಟೂ ಅದರ ಅಲುಗಾಟ ಚುರುಕು. ಚದುರಿದ ಬೆಳಕು ಎಷ್ಟು ಬೇಗ ಮಿನುಗುತ್ತದೆ ಎಂಬುದರಿಂದ ಗಾತ್ರ ತಿಳಿಯುತ್ತದೆ.

ಈಗ ನಿಮಗೊಂದು ಲೆಕ್ಕ. ಹಾಲಿನಲ್ಲೇ 0.1 ಮೈಕ್ರೋಮೀಟರಿನ ಒಂದು ಹನಿ, 4 ಮೈಕ್ರೋಮೀಟರಿನ ಇನ್ನೊಂದು ಹನಿ ಇವೆ. ದೊಡ್ಡದು ಎಷ್ಟು ಪಟ್ಟು ಬೇಗ ಮೇಲೇರಬೇಕು?