ಪಾಟ್ಲಾಚ್ ಎಂಬ ದಾನೋತ್ಸವ

ನಮ್ಮ ಹಳ್ಳಿಗಳಲ್ಲಿ ಮದುವೆಯ ಧಾರೆ ಮುಗಿದೊಡನೆ ಮುಯ್ಯಿ ಓದಿಸುವ ಪದ್ಧತಿಯುಂಟೆಂಬುದನ್ನು ಶ್ರೋತೃಗಳೆಲ್ಲರೂ ಬಲ್ಲರು. ಚಪ್ಪರದ ಒಂದು ಮೂಲೆಯಲ್ಲಿ ಒಬ್ಬರು ಪುಸ್ತಕ ಹಿಡಿದು ಕುಳಿತಿರುತ್ತಾರೆ. ಯಾವ ಊರಿನ ಯಾರು ಎಷ್ಟು ಕೊಟ್ಟರೆಂಬುದನ್ನು ನಾಲ್ವರ ಕಿವಿಗೆ ಬೀಳುವಂತೆ ಕೂಗಿ ಹೇಳಿ ಬರೆದುಕೊಳ್ಳುತ್ತಾರೆ. ಕೊಟ್ಟವರ ಮನೆಯಲ್ಲಿ ಮುಂದೆ ಶುಭಕಾರ್ಯ ನಡೆದಾಗ ಅದಕ್ಕೆ ಸರಿಸಮನಾಗಿ, ಸಾಧ್ಯವಾದರೆ ಒಂದು ಕೈ ಮೇಲಾಗಿ ಹಿಂದಿರುಗಿಸಬೇಕು. ಇಲ್ಲವಾದರೆ ಮರ್ಯಾದೆಗೆ ಕುಂದು. ಮೇಲ್ನೋಟಕ್ಕೆ ಅದು ಲೆಕ್ಕದ ಪುಸ್ತಕ. ವಾಸ್ತವವಾಗಿ ಯಾವ ಮನೆಗೂ ಯಾವ ಮನೆಗೂ ಬಳಕೆಯುಂಟು, ಯಾರ ಮಾತಿಗೆ ಎಷ್ಟು ತೂಕವುಂಟು ಎಂಬುದನ್ನು ಹೇಳುವ ದಾಖಲೆ.

ಈಗ ಬರವಣಿಗೆಯನ್ನೇ ಬಳಸದ ಒಂದು ಜನಾಂಗವನ್ನು ಕಲ್ಪಿಸಿಕೊಳ್ಳೋಣ. ಅವರಲ್ಲಿ ಮದುವೆ, ನಾಮಕರಣ, ಉತ್ತರಾಧಿಕಾರ, ಆಸ್ತಿಯ ಹಕ್ಕು ಇವೆಲ್ಲವೂ ಇಂಥದೇ ಒಂದು ಸಭೆಯಲ್ಲಿ, ಬಂದವರ ನೆನಪಿನಲ್ಲಿ ಮಾತ್ರ ದಾಖಲಾಗುತ್ತವೆ ಎನ್ನೋಣ. ಅಂಥ ಸಭೆಯನ್ನು ಕೂಡಿಸುವುದೇ ಅಪರಾಧವೆಂದು ಒಂದು ಸರ್ಕಾರ ಶಾಸನ ಮಾಡಿದರೆ ಆ ಜನದ ಗತಿಯೇನು? ಇದು ಬರಿಯ ಕಲ್ಪನೆಯಲ್ಲ. ಕೆನಡಾ ದೇಶದ ಪಶ್ಚಿಮ ಕರಾವಳಿಯಲ್ಲಿ ನಡೆದ ಸಂಗತಿ. ಈ ಹೊತ್ತಿನ ಭಾಷಣಕ್ಕೆ ಅದೇ ವಿಷಯ.

ಬ್ರಿಟಿಷ್ ಕೊಲಂಬಿಯ ಪ್ರಾಂತದಲ್ಲಿ ವ್ಯಾಂಕೂವರ್ ಎಂಬ ದೊಡ್ಡ ದ್ವೀಪವುಂಟು. ಅದರ ಉತ್ತರ ಭಾಗದಲ್ಲಿಯೂ ಎದುರಿನ ಕರಾವಳಿಯಲ್ಲಿಯೂ ಇರುವ ಮೂಲನಿವಾಸಿಗಳಿಗೆ ಕ್ವಾಕ್ವಕವಾಕ್ ಎಂದು ಹೆಸರು. ಕ್ವಾಕ್ವಲ ಭಾಷೆಯನ್ನಾಡುವವರೆಂದು ಇದರ ಅರ್ಥ. ಅವರ ನಾಡು ಮಳೆಯ ನಾಡು. ಸೀಡರ್ ಮರದ ದಟ್ಟವಾದ ಕಾಡು, ಕಾಲಕಾಲಕ್ಕೆ ನದಿಗಳನ್ನು ಹತ್ತಿಬರುವ ಸಾಮನ್ ಮೀನು. ಬೇಸಗೆಯಲ್ಲಿ ದುಡಿದು ಮೀನನ್ನು ಒಣಗಿಸಿ, ಎಣ್ಣೆ ತೆಗೆದು ಕೂಡಿಟ್ಟರೆ ಚಳಿಗಾಲವು ವಿರಾಮದ ಕಾಲ, ಉತ್ಸವದ ಕಾಲ. ಆ ಉತ್ಸವವೇ ಪಾಟ್ಲಾಚ್. ಕರಾವಳಿಯ ವ್ಯಾಪಾರಿಗಳ ಬೆರಕೆ ಮಾತಿನಲ್ಲಿ ಈ ಶಬ್ದಕ್ಕೆ ಕೊಡುವುದು ಎಂದು ಅರ್ಥ.

ಸೀಡರ್ ಮರದ ಭಾರಿ ಕಂಬಗಳ ಮೇಲೆ ಎತ್ತಿದ ದೊಡ್ಡ ಮನೆ. ನಡುವೆ ಉರಿಯುವ ಬೆಂಕಿ. ಸುತ್ತಲೂ ಬೇರೆಬೇರೆ ಗ್ರಾಮಗಳಿಂದ ದೋಣಿಗಳಲ್ಲಿ ಬಂದ ಅತಿಥಿಗಳು, ಅವರವರ ಅಂತಸ್ತಿಗೆ ತಕ್ಕ ಸ್ಥಾನಗಳಲ್ಲಿ. ಮೊದಲು ತೀರಿಹೋದವರಿಗಾಗಿ ಶೋಕಗೀತೆಗಳನ್ನು ಹಾಡುತ್ತಾರೆ. ಅನಂತರ ಮೊಗವಾಡ ಧರಿಸಿದವರ ಕುಣಿತ. ದಾರವನ್ನೆಳೆದೊಡನೆ ಹೊರಗಿನ ಮೊಗ ಬಿರಿದು ಒಳಗಿನಿಂದ ಇನ್ನೊಂದು ಮೊಗ ಕಾಣುವಂಥ ಮೊಗವಾಡಗಳೂ ಅಲ್ಲಿ ಉಂಟು. ಇವು ಕೇವಲ ಮನೋರಂಜನೆಯ ಕುಣಿತಗಳಲ್ಲ. ಪ್ರತಿಯೊಂದು ಕುಣಿತವೂ, ಹಾಡೂ, ಹೆಸರೂ ಒಂದೊಂದು ಮನೆತನದ ಸ್ವತ್ತು. ಹುಟ್ಟಿನಿಂದಲೋ ಮದುವೆಯ ಮೂಲಕವೋ ಬಂದುದು. ಹಕ್ಕಿಲ್ಲದವನು ಅದನ್ನು ಕುಣಿಯುವಂತಿಲ್ಲ. ಮನೆಯ ಯಜಮಾನನು ಈ ಹೆಸರನ್ನು ನನ್ನ ಮಗನಿಗೆ ಕೊಡುತ್ತಿದ್ದೇನೆ, ಈ ಕುಣಿತ ನಮಗೆ ಇಂಥವರಿಂದ ಬಂದಿತು ಎಂದು ಸಭೆಯಲ್ಲಿ ಸಾರಿ, ಕಡೆಯಲ್ಲಿ ಬಂದವರಿಗೆಲ್ಲ ಉಡುಗೊರೆ ಹಂಚುತ್ತಾನೆ.

ನಮ್ಮ ಮುಯ್ಯಿಯಲ್ಲಿ ಬಂದವರು ಕೊಡುತ್ತಾರೆ, ಕರೆದವರು ಪಡೆಯುತ್ತಾರೆ. ಅಲ್ಲಿ ಅದು ತಿರುಗುಮುರುಗು. ಉಡುಗೊರೆಯನ್ನು ಸ್ವೀಕರಿಸಿದವನು ಅಲ್ಲಿ ನಡೆದುದಕ್ಕೆ ಸಾಕ್ಷಿಯಾಗಲು ಒಪ್ಪಿದಂತೆ. ಮುಂದೆ ಯಾರಾದರೂ ಆ ಹಕ್ಕನ್ನು ಪ್ರಶ್ನಿಸಿದರೆ ಎದ್ದು ನಿಂತು ನಾನು ಕಂಡಿದ್ದೇನೆಂದು ಹೇಳುವುದು ಅವನ ಹೊಣೆ. ಆದುದರಿಂದ ಎಷ್ಟು ಕೂಡಿಟ್ಟನೆಂಬುದರಿಂದ ಅಲ್ಲ, ಎಷ್ಟು ಕೊಟ್ಟನೆಂಬುದರಿಂದ ಅಲ್ಲಿ ಮನುಷ್ಯನು ದೊಡ್ಡವನಾಗುತ್ತಾನೆ. ಗುರಾಣಿಯಾಕಾರದ ತಾಮ್ರದ ಫಲಕಗಳನ್ನು ಅವರು ಎಲ್ಲಕ್ಕಿಂತ ಹೆಚ್ಚೆಂದು ಎಣಿಸುವರು. ಪ್ರತಿಯೊಂದು ಫಲಕಕ್ಕೂ ಒಂದು ಹೆಸರು. ಕೈಯಿಂದ ಕೈಗೆ ಹೋದಹಾಗೆಲ್ಲ ಅದರ ಬೆಲೆ ಏರುತ್ತ ಹೋಗುವುದು.

ಫ್ರಾನ್ಸಿನ ವಿದ್ವಾಂಸ ಮಾರ್ಸೆಲ್ ಮೋಸ್ ಎಂಬಾತನು 1925ರಲ್ಲಿ ಪ್ರಕಟವಾದ ದಾನವನ್ನು ಕುರಿತ ತನ್ನ ಪ್ರಬಂಧದಲ್ಲಿ ಈ ಪದ್ಧತಿಯನ್ನು ವಿಸ್ತಾರವಾಗಿ ಚರ್ಚಿಸಿದನು. ಅದೇ ಪ್ರಬಂಧದಲ್ಲಿ ನಮ್ಮ ಮಹಾಭಾರತದ ಅನುಶಾಸನ ಪರ್ವದಲ್ಲಿ ಬರುವ ದಾನಧರ್ಮವನ್ನೂ ತೆಗೆದುಕೊಂಡು ಪರಿಶೀಲಿಸಿದನೆಂಬುದು ಗಮನಿಸತಕ್ಕ ವಿಷಯ.

ಆದರೆ ಕೆನಡಾ ಸರ್ಕಾರದ ಅಧಿಕಾರಿಗಳಿಗೂ ಪಾದ್ರಿಗಳಿಗೂ ಇದರಲ್ಲಿ ಕಂಡುದು ದುಂದುವೆಚ್ಚ ಮಾತ್ರ. ಉಳಿತಾಯವಿಲ್ಲದ ಜನ ನಾಗರಿಕರಾಗಲಾರರು, ಚಳಿಗಾಲವೆಲ್ಲ ಹಬ್ಬಕ್ಕೆ ಹೋದರೆ ಮಕ್ಕಳು ಶಾಲೆಗೆ ಬರಲಾರರು, ಮೊಗವಾಡ ಕುಣಿಯುವವರು ಕ್ರೈಸ್ತರಾಗಲಾರರು ಎಂದು ಅವರ ವಾದ. 1862ರ ಸಿಡುಬಿನಲ್ಲಿ ಆ ಕರಾವಳಿಯ ಜನ ಅಪಾರವಾಗಿ ಸತ್ತು, ಎಷ್ಟೋ ಸ್ಥಾನಗಳಿಗೆ ವಾರಸುದಾರರಿಲ್ಲದೆ ಹೋಗಿದ್ದರು. ಅವುಗಳಿಗಾಗಿ ಉಳಿದವರಲ್ಲಿ ಪೈಪೋಟಿ ಬೆಳೆದಿತ್ತು. ಮೀನಿನ ಕಾರ್ಖಾನೆಗಳ ಕೂಲಿಯಿಂದ ಕೈಯಲ್ಲಿ ಹಣವೂ ಓಡಾಡತೊಡಗಿತ್ತು. ಉಡುಗೊರೆಗಳ ರಾಶಿ ಬೆಳೆದುದಕ್ಕೆ ಇವೇ ಕಾರಣಗಳೆಂಬುದನ್ನು ಅಧಿಕಾರಿಗಳು ವಿಚಾರಿಸಲಿಲ್ಲ.

1884ರಲ್ಲಿ ಅಲ್ಲಿನ ಪಾರ್ಲಿಮೆಂಟು ಇಂಡಿಯನ್ ಆಕ್ಟ್ ಎಂಬ ಶಾಸನಕ್ಕೆ ತಿದ್ದುಪಡಿ ಮಾಡಿತು. ಇಲ್ಲಿ ಇಂಡಿಯನ್ ಎಂದರೆ ನಾವಲ್ಲ. ಕೊಲಂಬಸನ ತಪ್ಪು ತಿಳಿವಳಿಕೆಯಿಂದ ಆ ಖಂಡದ ಮೂಲನಿವಾಸಿಗಳಿಗೆ ಅಂಟಿದ ಹೆಸರು. 1885ನೆಯ ಜನವರಿ 1ರಿಂದ ಪಾಟ್ಲಾಚ್ ಮಾಡಿದವರಿಗೂ ಅದಕ್ಕೆ ನೆರವಾದವರಿಗೂ ಎರಡರಿಂದ ಆರು ತಿಂಗಳವರೆಗೆ ಸೆರೆವಾಸವೆಂದು ವಿಧಿಸಲಾಯಿತು. ಪಾಟ್ಲಾಚ್ ಎಂದರೇನೆಂಬುದನ್ನು ಶಾಸನದಲ್ಲಿ ವಿವರಿಸಿಲ್ಲವೆಂಬ ಕಾರಣದಿಂದ 1889ರಲ್ಲಿ ಮುಖ್ಯ ನ್ಯಾಯಾಧೀಶ ಬೆಗ್ಬಿ ಒಬ್ಬ ಬಂದಿಯನ್ನು ಬಿಡುಗಡೆ ಮಾಡಿದನು. 1895ರಲ್ಲಿ ಶಾಸನವನ್ನು ಮತ್ತೆ ಬಿಗಿಮಾಡಿದರು. 1918ರಲ್ಲಿ ಸರ್ಕಾರದ ಏಜೆಂಟನೇ ಇಂಥ ಮೊಕದ್ದಮೆಗಳನ್ನು ವಿಚಾರಣೆ ಮಾಡಬಹುದೆಂದಾಯಿತು.

ಜನ ಹಬ್ಬವನ್ನು ಬಿಡಲಿಲ್ಲ. ಅಧಿಕಾರಿಗಳ ದೋಣಿ ಬರಲಾರದ ಬಿರುಗಾಳಿಯ ದಿನಗಳಲ್ಲಿ, ದೂರದ ದ್ವೀಪಗಳಲ್ಲಿ ನಡೆಸಿದರು. ಕ್ರಿಸ್ಮಸ್ ಕಾಣಿಕೆಯೆಂಬ ನೆಪದಲ್ಲಿ ಉಡುಗೊರೆ ಹಂಚಿದರು. 1921ನೆಯ ಡಿಸೆಂಬರಿನಲ್ಲಿ ವಿಲೇಜ್ ದ್ವೀಪದಲ್ಲಿ ಡ್ಯಾನ್ ಕ್ರಾನ್ಮರ್ ಎಂಬ ಮುಖಂಡನು ಒಂದು ಮಹಾ ಪಾಟ್ಲಾಚನ್ನು ನಡೆಸಿದನು. ದೋಣಿಗಳು, ಹೊಲಿಗೆಯ ಯಂತ್ರಗಳು, ಗ್ರಾಮೋಫೋನುಗಳು, ಹಿಟ್ಟಿನ ಮೂಟೆಗಳು ಅಲ್ಲಿ ಉಡುಗೊರೆಯಾದವು. ಸುದ್ದಿ ತಿಳಿದು 45 ಮಂದಿಯ ಮೇಲೆ ಮೊಕದ್ದಮೆ ಹೂಡಲಾಯಿತು. ಆಪಾದನೆಗಳೇನು? ಭಾಷಣ ಮಾಡಿದುದು, ಕುಣಿದುದು, ಉಡುಗೊರೆಗಳನ್ನು ಹೊತ್ತು ತಂದು ಕೊಟ್ಟುದು! ನ್ಯಾಯಪೀಠದಲ್ಲಿ ಕುಳಿತವನು ಏಜೆಂಟ್ ಹ್ಯಾಲಿಡೇ. ನಿಮ್ಮ ಗ್ರಾಮದವರೆಲ್ಲರೂ ಮೊಗವಾಡ, ತಾಮ್ರದ ಫಲಕ, ಗಿಲಕಿ ಮೊದಲಾದ ಎಲ್ಲ ಸಾಮಗ್ರಿಗಳನ್ನೂ ಒಪ್ಪಿಸಿಬಿಟ್ಟರೆ ಶಿಕ್ಷೆಯನ್ನು ತಡೆಹಿಡಿಯುವೆವೆಂದು ಷರತ್ತು ಹಾಕಲಾಯಿತು. ಕೆಲವರು ಒಪ್ಪಿಸಿದರು. ಇಪ್ಪತ್ತು ಮಂದಿ ಸ್ತ್ರೀಪುರುಷರು ವ್ಯಾಂಕೂವರ್ ನಗರದ ಬಳಿಯ ಓಕಾಲ ಸೆರೆಮನೆಗೆ ಹೋದರು. ಮೊದಲ ಸಲದ ಅಪರಾಧಕ್ಕೆ ಎರಡು ತಿಂಗಳು, ಎರಡನೆಯದಕ್ಕೆ ಮೂರು ತಿಂಗಳು. ಹೀಗೆ ವಶಪಡಿಸಿಕೊಂಡ ವಸ್ತುಗಳನ್ನು ಅಲರ್ಟ್ ಬೇ ಎಂಬ ಊರಿನ ಇಗರ್ಜಿಯ ಸಭಾಂಗಣದಲ್ಲಿ ಹರಡಿ, ಪ್ರವೇಶ ಶುಲ್ಕ ತೆಗೆದುಕೊಂಡು ಜನಕ್ಕೆ ತೋರಿಸಿದರು. ಬಳಿಕ ಅವು ಆಟವ ಮತ್ತು ಟೊರಾಂಟೊ ನಗರಗಳ ವಸ್ತುಸಂಗ್ರಹಾಲಯಗಳಿಗೆ ಹೋದವು. ಕೆಲವನ್ನು ನ್ಯೂಯಾರ್ಕಿನ ಒಬ್ಬ ಸಂಗ್ರಾಹಕನಿಗೆ ಮಾರಿದರು.

ಇಲ್ಲಿ ವಿಚಾರಮಾಡಬೇಕಾದ ವಿಷಯವೊಂದುಂಟು. ಮೊಗವಾಡ ಹೋದುದರಿಂದ ಆ ಜನ ಕಳೆದುಕೊಂಡುದು ಬರಿಯ ಕಲಾಕೃತಿಯನ್ನಲ್ಲ. ಇಂಥ ಹೆಸರು ಇಂಥವನದು, ಇಂಥ ಮದುವೆ ನಡೆದುದು ದಿಟ ಎಂಬುದಕ್ಕೆ ಇದ್ದ ಪತ್ರವನ್ನೇ ಕಳೆದುಕೊಂಡರು. ಸಭೆ ಕೂಡದಿದ್ದ ಮೇಲೆ ಸಾಕ್ಷಿಗಳಿಲ್ಲ; ಸಾಕ್ಷಿಗಳು ಮುದುಕರಾಗಿ ತೀರಿಕೊಂಡ ಮೇಲೆ ಹಕ್ಕಿಗೆ ಆಧಾರವಿಲ್ಲ. ಒಂದು ಊರಿನ ಕಂದಾಯದ ದಫ್ತರನ್ನೂ ನ್ಯಾಯಸ್ಥಾನವನ್ನೂ ದೇವಸ್ಥಾನವನ್ನೂ ಒಂದೇ ದಿನ ಮುಚ್ಚಿದರೆ ಆಗುವ ನಷ್ಟಕ್ಕೆ ಇದನ್ನು ಹೋಲಿಸಬಹುದು.

1951ರಲ್ಲಿ ಇಂಡಿಯನ್ ಆಕ್ಟನ್ನು ಹೊಸದಾಗಿ ಬರೆದಾಗ ಈ ನಿಷೇಧವನ್ನು ಮಾತಿಲ್ಲದೆ ಕೈಬಿಟ್ಟರು. 1953ರಲ್ಲಿ ಮಂಗೋ ಮಾರ್ಟಿನ್ ಎಂಬ ಹೆಸರಾಂತ ಮರಗೆತ್ತನೆಯ ಶಿಲ್ಪಿಯು ವಿಕ್ಟೋರಿಯ ನಗರದಲ್ಲಿ ತಾನೇ ಕಟ್ಟಿದ ದೊಡ್ಡ ಮನೆಯಲ್ಲಿ ಬಹಿರಂಗವಾಗಿ ಪಾಟ್ಲಾಚ್ ನಡೆಸಿದನು. ಒಯ್ದ ವಸ್ತುಗಳಿಗಾಗಿ ಹೋರಾಟ ಮುಂದುವರಿಯಿತು. ಇರಿಸಲು ತಕ್ಕ ಕಟ್ಟಡವಾದರೆ ಕೊಡುವೆವೆಂದು ಆಟವದ ಸಂಗ್ರಹಾಲಯದವರು ಒಪ್ಪಿದ ಮೇಲೆ 1979ರಲ್ಲಿ ಕೇಪ್ ಮಜ್ ಗ್ರಾಮದಲ್ಲಿಯೂ 1980ರಲ್ಲಿ ಅಲರ್ಟ್ ಬೇಯಲ್ಲಿಯೂ ಎರಡು ಮಂದಿರಗಳು ತೆರೆದವು. ಎರಡನೆಯದರ ಹೆಸರು ಉಮಿಸ್ತ. ಹಿಂದಿನ ಕಾಲದಲ್ಲಿ ಶತ್ರುಗಳು ಸೆರೆಹಿಡಿದು ಒಯ್ದವರು ಬಿಡಿಸಿಕೊಂಡು ಮನೆಗೆ ಬಂದರೆ ಅವರಿಗೆ ಉಮಿಸ್ತವಾಯಿತು ಎನ್ನುತ್ತಿದ್ದರಂತೆ. ಅಲ್ಲಿ ಮೊಗವಾಡಗಳನ್ನು ಗಾಜಿನ ಪೆಟ್ಟಿಗೆಯಲ್ಲಿಟ್ಟಿಲ್ಲ. ಅಷ್ಟು ಕಾಲ ಬೀಗದೊಳಗಿದ್ದವನ್ನು ಮತ್ತೆ ಬಂಧಿಸಬಾರದೆಂದು, ಉತ್ಸವದಲ್ಲಿ ಅವು ಬರುವ ಕ್ರಮದಲ್ಲಿಯೇ ತೆರವಾಗಿ ನಿಲ್ಲಿಸಿದ್ದಾರೆ. ಅದೇ ಊರಿನ ದೊಡ್ಡ ಮನೆ 1997ರಲ್ಲಿ ಬೆಂಕಿಗೆ ಆಹುತಿಯಾದಾಗ ಜನ ಎದೆಗೆಡಲಿಲ್ಲ. 1999ರಲ್ಲಿ ಮತ್ತೆ ಕಟ್ಟಿ ಬಾಗಿಲು ತೆರೆದರು.

1996ರಿಂದ ಕೆನಡಾದಲ್ಲಿ ಜೂನ್ 21ನೆಯ ದಿನವನ್ನು ಮೂಲನಿವಾಸಿಗಳ ದಿನವಾಗಿ ಆಚರಿಸುತ್ತಾರೆ. ಹಾಡು, ಕುಣಿತ, ಊಟ ಎಲ್ಲವೂ ಇರುತ್ತವೆ. ಯಾರು ಬೇಕಾದರೂ ಹೋಗಿ ನೋಡಬಹುದು. ಹಿಂದೆ ಸೆರೆಮನೆಗೆ ಕಾರಣವಾದುದೇ ಈಗ ಗೌರವಕ್ಕೆ ಕಾರಣವಾಗಿದೆಯೆಂಬುದು ಸಂತೋಷದ ಮಾತು. ಆದರೆ ನೋಟಕ್ಕೆಂದು ನಡೆಯುವ ಉತ್ಸವವೂ ಪಾಟ್ಲಾಚೂ ಒಂದೇ ಅಲ್ಲ. ನೋಟಕನು ನೋಡಿ, ಮೆಚ್ಚಿ, ಮನೆಗೆ ಹೋಗಿ ಮರೆಯಬಹುದು. ಪಾಟ್ಲಾಚಿನ ಅತಿಥಿಗೆ ಮರೆಯುವ ಅಧಿಕಾರವಿಲ್ಲ.

ನಮ್ಮ ನಾಡಿನಲ್ಲಿಯೂ ಕಾಡಿನ ಜನರ ಕುಣಿತವನ್ನು ನಗರಗಳ ವೇದಿಕೆಗೆ ಕರೆತರುತ್ತೇವೆ. ಹತ್ತು ನಿಮಿಷ ಕುಣಿಸಿ, ಹಾರ ಹಾಕಿ ಕಳುಹಿಸುತ್ತೇವೆ. ಕರೆತರುವುದು ತಪ್ಪಲ್ಲ. ಆದರೆ ಆ ಕುಣಿತ ಯಾವ ಮನೆಯದು, ಯಾವ ದಿನದ್ದು, ಯಾವ ಹೊಲದ ಅಥವಾ ಯಾವ ಬೆಟ್ಟದ ಹಕ್ಕನ್ನು ಅದು ಹೇಳುತ್ತದೆ ಎಂದು ಕೇಳಿ ತಿಳಿದುಕೊಳ್ಳುವ ವ್ಯವಧಾನ ನಮಗಿರಬೇಕು. ನಾಳೆ ಆ ಹಕ್ಕಿಗೆ ಅಡ್ಡಿ ಬಂದಾಗ, ನಾನು ಕಂಡಿದ್ದೇನೆ, ನಾನು ಬಲ್ಲೆ ಎಂದು ಹೇಳುವಷ್ಟು ನೆನಪೂ ಇರಬೇಕು. ಕ್ವಾಕ್ವಕವಾಕ್ ಜನ ತಮ್ಮ ಅತಿಥಿಯಿಂದ ಬಯಸುವುದು ಇಷ್ಟೇ.