ವೇಳಾಪಟ್ಟಿ ಬರೆಯುವವರು ಯಾರು?



ಹೆಡ್‌ಮಾಸ್ಟರಾದ ಮೇಲೂ ಒಂಬತ್ತನೆಯ ತರಗತಿಯ ಗಣಿತ ಬಿಟ್ಟುಕೊಡದ ಹಿರಿಯರ ಹೆಸರಿನ ದತ್ತಿ ಉಪನ್ಯಾಸ ಇದು. ಸ್ಮಾರ್ಟ್ ಬೋರ್ಡು, ದೀಕ್ಷಾ ಆ್ಯಪ್ ಇವುಗಳ ಬಳಕೆ ತರಬೇತಿ ಕೈಪಿಡಿಗಳಲ್ಲಿ ಸಿಗುತ್ತದೆ, ಅದನ್ನು ಬಿಡುತ್ತೇನೆ. ಮುಖ್ಯ ಶಿಕ್ಷಕರು ಚೆನ್ನಾಗಿದ್ದರೆ ಶಾಲೆ ಚೆನ್ನಾಗಿರುತ್ತದೆ ಎಂಬುದರಲ್ಲೂ ತಕರಾರಿಲ್ಲ. ತಂತ್ರಜ್ಞಾನದ ವಿಷಯದಲ್ಲಿ ಅವರ ಕೈ ಎಲ್ಲಿ ಆಡಬೇಕು ಎಂಬಲ್ಲಿ ಜಗಳವಿದೆ. ವೇಳಾಪಟ್ಟಿಯಲ್ಲಿ ಎಂಬುದು ನನ್ನ ಪಕ್ಷ.

ಲೀ ಲಿಂಡನ್ 2008ರಲ್ಲಿ ಬರೆದ ಗುಜರಾತಿನ ಅಧ್ಯಯನವನ್ನು ನೋಡಿ. ಜ್ಞಾನಶಾಲಾ ಸಂಸ್ಥೆಯ ಶಾಲೆಗಳಲ್ಲಿ ಗಣಿತದ ತಂತ್ರಾಂಶವನ್ನು ಎರಡು ಬಗೆಯಲ್ಲಿ ಕೊಟ್ಟರು. ಶಿಕ್ಷಕಿಯ ಪಾಠದ ಹೊತ್ತನ್ನು ಕಿತ್ತು ಕಂಪ್ಯೂಟರಿಗೆ ಕೊಟ್ಟಲ್ಲಿ ಮಕ್ಕಳ ಕಲಿಕೆ 0.57 ಮಾನಕ ವಿಚಲನೆಯಷ್ಟು ಕುಸಿಯಿತು. ಶಾಲೆಯ ಹೊತ್ತಿನಾಚೆ ಕೊಟ್ಟಲ್ಲಿ 0.28ರಷ್ಟು ಏರಿತು. ಯಂತ್ರದಲ್ಲಿ ವ್ಯತ್ಯಾಸವಿರಲಿಲ್ಲ, ಪೀರಿಯಡ್ಡಿನಲ್ಲಿತ್ತು.

ಇದಕ್ಕೆ ಎದುರಾಳಿಗಳು ದೆಹಲಿಯ ಮೈಂಡ್‌ಸ್ಪಾರ್ಕ್ ತಂತ್ರಾಂಶದ ಕೇಂದ್ರಗಳನ್ನು ತೋರಿಸುತ್ತಾರೆ. ಮುರಳೀಧರನ್, ಸಿಂಗ್, ಗನಿಮಿಯನ್ 2019ರಲ್ಲಿ ಪ್ರಕಟಿಸಿದಂತೆ ನಾಲ್ಕೂವರೆ ತಿಂಗಳಲ್ಲಿ ಗಣಿತ 0.37, ಹಿಂದಿ 0.23 ಮಾನಕ ವಿಚಲನೆ ಏರಿತ್ತು. ತಂತ್ರಾಂಶ ಒಳ್ಳೆಯದಿದ್ದರೆ ಹೆಡ್‌ಮಾಸ್ಟರ್ ಯಾರಾದರೇನು ಎನ್ನುತ್ತಾರೆ. ಸ್ವಾಮಿ, ಅವು ಶಾಲೆ ಬಿಟ್ಟ ಮೇಲೆ ನಡೆದ ಕೇಂದ್ರಗಳು! ಅರ್ಧ ಹೊತ್ತು ತಂತ್ರಾಂಶ, ಉಳಿದರ್ಧ ಸಣ್ಣ ಗುಂಪಿಗೆ ಮನುಷ್ಯರ ಪಾಠ. ಯಾರ ಪೀರಿಯಡ್ಡನ್ನೂ ಕಿತ್ತಿರಲಿಲ್ಲ. ಅದು ಲಿಂಡನ್‌ಗೆ ಉತ್ತರವಾಗದು, ಬೆಂಬಲವೇ ಆದೀತು.

ಇನ್ನೊಂದು ಆಕ್ಷೇಪಕ್ಕೆ ತೂಕವಿದೆ. ಜ್ಞಾನಶಾಲೆಯ ಪಾಠ ಮೊದಲೇ ಅಚ್ಚುಕಟ್ಟಾಗಿತ್ತು, ಅದಕ್ಕೇ ಕಿತ್ತಾಗ ನಷ್ಟವಾಯಿತು. ಪಾಠವೇ ನಡೆಯದ ಕಡೆ ಕಂಪ್ಯೂಟರಿನಿಂದ ಕಳೆದುಕೊಳ್ಳುವುದೇನು? ಒಪ್ಪಿದೆ. ಆದರೆ ಯಾವ ಪೀರಿಯಡ್ಡಿನಲ್ಲಿ ಪಾಠ ನಡೆಯುತ್ತಿದೆ, ಯಾವುದರಲ್ಲಿ ಇಲ್ಲ ಎಂಬುದನ್ನು ಬೆಂಗಳೂರಿನ ಸುತ್ತೋಲೆ ಹೇಗೆ ಬಲ್ಲದು? ವರಾಂಡದಲ್ಲಿ ದಿನವೂ ಓಡಾಡುವ ಮುಖ್ಯ ಶಿಕ್ಷಕರಿಗೆ ಮಾತ್ರ ಗೊತ್ತು. ಎಲ್ಲ ಶಾಲೆಗೂ ವಾರಕ್ಕೆ ಇಷ್ಟೇ ಎಂದು ಕಂಪ್ಯೂಟರ್ ತಾಸು ಗೊತ್ತುಮಾಡುವವರು ಆ ತಿಳಿವಳಿಕೆಯನ್ನೇ ಬದಿಗಿಡುತ್ತಾರೆ.

ಮುಖ್ಯ ಶಿಕ್ಷಕರಿಗೆ ಬೇಕಿರುವುದು ‘ಡಿಜಿಟಲ್ ಮುನ್ನೋಟ’ ಎನ್ನುವ ಭಾಷಣಕಾರರಿಗೂ ಒಂದು ಮಾತು. ವಿವಿಯನ್ ರಾಬಿನ್ಸನ್ ಮತ್ತು ಸಂಗಡಿಗರು 2008ರಲ್ಲಿ ಹಲವು ಅಧ್ಯಯನಗಳನ್ನು ಒಟ್ಟಿಗಿಟ್ಟು ತೂಗಿದಾಗ ಸ್ಫೂರ್ತಿ ತುಂಬುವ ನಾಯಕತ್ವದ ಪರಿಣಾಮ 0.11 ಮಾತ್ರ. ಶಿಕ್ಷಕರ ಕಲಿಕೆಗೆ ಒತ್ತಾಸೆಯಾಗಿ ತಾವೂ ಕೂತು ಕಲಿಯುವ ಮುಖ್ಯಸ್ಥರದು 0.84. ತರಬೇತಿಯನ್ನು ಉದ್ಘಾಟಿಸಿ ಎದ್ದು ಹೋಗುವ ನಮ್ಮ ರೂಢಿಗೆ ಈ ಲೆಕ್ಕ ಹಿತವಲ್ಲ. ಈ ದತ್ತಿಯ ಹಿರಿಯರು ಹಿಂದಿನ ಬೆಂಚಿನಲ್ಲಿ ನೋಟ್‌ಬುಕ್ ಹಿಡಿದು ಕೂರುತ್ತಿದ್ದರೆಂದು ಅವರ ಶಿಷ್ಯರು ಹೇಳುತ್ತಾರೆ. ರಾಬಿನ್ಸನ್‌ಗೆ ಅವರನ್ನು ತೋರಿಸಬಹುದಿತ್ತು.

ಶಿಕ್ಷಕರ ಕಲಿಕೆಯ ವಿಷಯದಲ್ಲಿ ನಮ್ಮ ರಾಜ್ಯ ಮಾಡಿದ್ದನ್ನೂ ನೋಡಿ. ಕೇರಳ 2001ರಲ್ಲಿ ಐಟಿ@ಸ್ಕೂಲ್ ಶುರುಮಾಡಿ ತನ್ನ ಶಿಕ್ಷಕರನ್ನೇ ತಯಾರು ಮಾಡಿತು. ಕರ್ನಾಟಕದಲ್ಲಿ ನಾವು ಬೂಟ್ (ಕಟ್ಟಿ, ಒಡೆತನದಲ್ಲಿಟ್ಟು, ನಡೆಸಿ, ಹಸ್ತಾಂತರಿಸುವ) ಮಾದರಿಯಲ್ಲಿ ಲ್ಯಾಬನ್ನೂ ಬೋಧಕರನ್ನೂ ಖಾಸಗಿ ಕಂಪನಿಗಳಿಗೆ ಐದು ವರ್ಷಕ್ಕೆ ವಹಿಸಿದೆವು. ಗುತ್ತಿಗೆಯ ಬೋಧಕ ಹೋದ ಮೇಲೆ ಅವನ ಜಾಗಕ್ಕೆ ಬರಬೇಕಾದ ಶಿಕ್ಷಕರನ್ನು ನಾವು ಸಾಕಷ್ಟು ತಯಾರು ಮಾಡಿರಲಿಲ್ಲ.

ನಾನು ಹೋದ ಪ್ರೌಢಶಾಲೆಗಳಲ್ಲಿ ಲ್ಯಾಬಿನ ಕೀ ಹೆಚ್ಚಾಗಿ ಹೆಡ್‌ಮಾಸ್ಟರ ಬೀರುವಿನಲ್ಲಿತ್ತು. ಸೋಮಾರಿತನ ಎಂದು ಬೈಯುವವರು ಸ್ಟಾಕ್ ರಿಜಿಸ್ಟರ್ ತೆರೆದು ನೋಡಲಿ. ಮಾನಿಟರ್ ಒಡೆದರೆ ಆಡಿಟ್‌ನಲ್ಲಿ ಉತ್ತರ ಹೇಳಬೇಕಾದವರು ಅವರು. ಧೂಳು ಹಿಡಿದರೆ ಕೇಳುವವರಿಲ್ಲ. ಪಾಠಕ್ಕೆ ಬಳಸಿ ಕೆಟ್ಟ ಉಪಕರಣಕ್ಕೆ ಮುಖ್ಯ ಶಿಕ್ಷಕರಿಂದ ವಸೂಲಿ ಇಲ್ಲ ಎಂದು ಇಲಾಖೆ ಒಂದು ಆದೇಶ ಹೊರಡಿಸಲಿ. ಲ್ಯಾಬಿನ ಪೀರಿಯಡ್ಡನ್ನು ಎಲ್ಲಿ ಇಡಬೇಕೆಂಬುದನ್ನು ಅವರಿಗೇ ಬಿಡಲಿ.